ಸಾವಿರ ಗಣಕಗಳಿಗೆ ಒಂದೇ ಉತ್ತರ
ವೆಬ್‌ಅಸೆಂಬ್ಲಿ ಮಿಥ್ಯಾಯಂತ್ರವು ಸ್ಮಾರ್ಟ್ ಕಾಂಟ್ರಾಕ್ಟ್‌ಗಳನ್ನು ನಡೆಸುವ ಬಗೆ

ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಹತ್ತು ವಿದ್ಯಾರ್ಥಿಗಳು ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಅಳೆದರೆ ಹತ್ತು ಉತ್ತರಗಳು ಬರುತ್ತವೆ. ಒಬ್ಬರಿಗೆ 9.78, ಇನ್ನೊಬ್ಬರಿಗೆ 9.83. ಇದರಿಂದ ನಾವು ಗಾಬರಿಯಾಗುವುದಿಲ್ಲ. ಸರಾಸರಿ ತೆಗೆದು, ದೋಷದ ಮಿತಿಯನ್ನು ನಮೂದಿಸಿ ಮುಂದುವರಿಯುತ್ತೇವೆ. ಆದರೆ ಸರಾಸರಿಯಾಗಲಿ, ದೋಷದ ಮಿತಿಯಾಗಲಿ ಸಲ್ಲದ ಲೆಕ್ಕಗಳೂ ಇವೆ. ಒಬ್ಬರ ಖಾತೆಯಲ್ಲಿ ಎಷ್ಟು ಹಣ ಇದೆ ಎಂಬ ಪ್ರಶ್ನೆಗೆ ಹತ್ತು ಪುಸ್ತಕಗಳು ಹತ್ತು ಉತ್ತರ ಕೊಟ್ಟರೆ ಅದು ಲೆಕ್ಕವೇ ಅಲ್ಲ.

ಒಂದೇ ಲೆಕ್ಕವನ್ನು ಪರಸ್ಪರ ಪರಿಚಯವಿಲ್ಲದ ನೂರಾರು ಜನರು ತಮ್ಮ ತಮ್ಮ ಗಣಕಗಳಲ್ಲಿ ಮಾಡುತ್ತಿದ್ದಾರೆ ಎಂದುಕೊಳ್ಳಿ. ಗಣಕಗಳ ತಯಾರಕರು ಬೇರೆ, ಸಂಸ್ಕಾರಕಗಳು ಬೇರೆ, ಅವು ಇರುವ ದೇಶಗಳೂ ಬೇರೆ. ಆದರೂ ಎಲ್ಲರ ಉತ್ತರವೂ ಕೊನೆಯ ಬಿಟ್‌ವರೆಗೆ ಒಂದೇ ಆಗಿರಬೇಕು. ಬ್ಲಾಕ್‌ಚೈನ್‌ಗಳಲ್ಲಿ ದಿನವೂ ನಡೆಯುವ ಕೆಲಸ ಇದು. ಇದನ್ನು ಸಾಧ್ಯವಾಗಿಸುವ ಸಾಧನಗಳಲ್ಲಿ ಮುಖ್ಯವಾದ ಒಂದು ವೆಬ್‌ಅಸೆಂಬ್ಲಿ ಮಿಥ್ಯಾಯಂತ್ರ. ಅದು ಹೇಗೆ ಕೆಲಸ ಮಾಡುತ್ತದೆ, ಯಾವುದಕ್ಕೆ ಭರವಸೆ ಕೊಡುತ್ತದೆ, ಯಾವುದಕ್ಕೆ ಕೊಡಲಾರದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಕ್ರಮವಿಧಿಯೇ ಒಪ್ಪಂದವಾದಾಗ

ಬ್ಲಾಕ್‌ಚೈನ್ ಎಂದರೆ ಹಲವರ ಬಳಿ ಏಕಕಾಲದಲ್ಲಿ ಇರುವ ಒಂದು ಲೆಕ್ಕದ ಪುಸ್ತಕ. ವಹಿವಾಟುಗಳನ್ನು ಒಟ್ಟುಗೂಡಿಸಿ ಒಂದು ಪುಟದಲ್ಲಿ ಬರೆಯುತ್ತಾರೆ. ಈ ಪುಟವೇ ಬ್ಲಾಕ್. ಪ್ರತಿ ಪುಟದ ತಲೆಯಲ್ಲಿ ಹಿಂದಿನ ಪುಟದ 'ಹ್ಯಾಶ್' ಇರುತ್ತದೆ. ಹ್ಯಾಶ್ ಎಂಬುದು ದತ್ತಾಂಶದ ಬೆರಳಚ್ಚು ಇದ್ದಂತೆ. ಪುಟದಲ್ಲಿ ಒಂದು ಅಕ್ಷರ ಬದಲಾದರೂ ಹ್ಯಾಶ್ ಸಂಪೂರ್ಣ ಬದಲಾಗುತ್ತದೆ. ಹೀಗಾಗಿ ಹಳೆಯ ಪುಟವನ್ನು ಗುಟ್ಟಾಗಿ ತಿದ್ದಲು ಬರುವುದಿಲ್ಲ. 2009ರ ಜನವರಿಯಲ್ಲಿ ಆರಂಭವಾದ ಬಿಟ್‌ಕಾಯಿನ್ ಇದರ ಮೊದಲ ಪ್ರಸಿದ್ಧ ಉದಾಹರಣೆ.

ಬಿಟ್‌ಕಾಯಿನ್‌ನ ಪುಸ್ತಕದಲ್ಲಿ ಮುಖ್ಯವಾಗಿ ಇರುವುದು 'ಇವರಿಂದ ಅವರಿಗೆ ಇಷ್ಟು' ಎಂಬ ನಮೂದು. ಅದರ ಬದಲು ಷರತ್ತುಗಳನ್ನೇ ಪುಸ್ತಕದಲ್ಲಿ ಬರೆದಿಟ್ಟರೆ? 'ಸರಕು ತಲುಪಿತೆಂದು ಕೊಳ್ಳುವವರು ಸಹಿ ಮಾಡಿದರೆ 500 ನಾಣ್ಯಗಳನ್ನು ಮಾರುವವರಿಗೆ ಕೊಡು. ಮೂವತ್ತು ದಿನಗಳಲ್ಲಿ ಸಹಿ ಬಾರದಿದ್ದರೆ ಹಿಂದಿರುಗಿಸು' ಎಂಬಂಥ ಷರತ್ತು. ಇದನ್ನು ಕ್ರಮವಿಧಿಯಾಗಿ ಬರೆದು ಬ್ಲಾಕ್‌ಚೈನ್‌ನಲ್ಲಿ ಇಟ್ಟರೆ ಅದೇ ಸ್ಮಾರ್ಟ್ ಕಾಂಟ್ರಾಕ್ಟ್. ಈ ಹೆಸರನ್ನು 1990ರ ದಶಕದಲ್ಲಿ ಬಳಕೆಗೆ ತಂದವರು ಅಮೆರಿಕದ ನಿಕ್ ಸಾಬೊ. ನಾಣ್ಯ ಹಾಕಿದರೆ ತಿನಿಸು ಕೊಡುವ ಯಂತ್ರವನ್ನು ಅವರು ಇದರ ಪೂರ್ವಜ ಎಂದು ಕರೆದರು. ಅಲ್ಲಿ ಅಂಗಡಿಯವರಿಲ್ಲ, ಒಪ್ಪಂದವನ್ನು ಯಂತ್ರದ ರಚನೆಯೇ ಜಾರಿಗೊಳಿಸುತ್ತದೆ. ಈ ಕಲ್ಪನೆಯನ್ನು ದೊಡ್ಡ ಪ್ರಮಾಣದಲ್ಲಿ ಕಾರ್ಯರೂಪಕ್ಕೆ ತಂದದ್ದು 2015ರ ಜುಲೈ 30ರಂದು ಚಾಲನೆಗೊಂಡ ಇಥೀರಿಯಮ್.

ಇಲ್ಲಿ ಒಂದು ತೊಡಕು ಹುಟ್ಟುತ್ತದೆ. ತಿನಿಸಿನ ಯಂತ್ರ ಒಂದೇ ಇರುತ್ತದೆ. ಸ್ಮಾರ್ಟ್ ಕಾಂಟ್ರಾಕ್ಟ್ ಅನ್ನು ಮಾತ್ರ ಜಾಲದ ಪ್ರತಿ ಗಣಕವೂ ನಡೆಸಿ ನೋಡಬೇಕು. ಒಬ್ಬರ ಮಾತನ್ನು ಇನ್ನೊಬ್ಬರು ನಂಬದೆ ತಾವೇ ಲೆಕ್ಕ ಮಾಡಿ ತಾಳೆ ನೋಡುವುದೇ ಈ ವ್ಯವಸ್ಥೆಯ ತಿರುಳು.

ಮಿಥ್ಯಾಯಂತ್ರ ಏಕೆ?

ಸಮತಲ ದರ್ಪಣದ ಹಿಂದೆ ಕಾಣುವುದನ್ನು ಮಿಥ್ಯಾಬಿಂಬ ಎನ್ನುತ್ತೇವೆ. ಅಲ್ಲಿ ವಸ್ತು ಇಲ್ಲ; ಆದರೂ ಇದೆ ಎಂದು ಭಾವಿಸಿ ಕಿರಣಗಳನ್ನು ಎಳೆದರೆ ಎಲ್ಲ ಲೆಕ್ಕವೂ ಸರಿಹೋಗುತ್ತದೆ. ಗಣಕಗಳಲ್ಲಿ ವರ್ಚುಯಲ್ ಮಷೀನ್ ಎಂದು ಕರೆಯುವುದೂ ಇಂಥದ್ದೇ. ಸಿಲಿಕಾನ್‌ನಲ್ಲಿ ಕೊರೆದ ಸಂಸ್ಕಾರಕ ಅದಲ್ಲ. ನಿಯಮಗಳ ಪುಸ್ತಕವೊಂದರಲ್ಲಿ ವರ್ಣಿಸಿದ, ತಂತ್ರಾಂಶದ ಮೂಲಕ ನಡೆಯುವ ಕಾಲ್ಪನಿಕ ಸಂಸ್ಕಾರಕ ಅದು. ನಾವು ಇದನ್ನು ಮಿಥ್ಯಾಯಂತ್ರ ಎಂದು ಕರೆಯೋಣ.

ಇಂಟೆಲ್ ಸಂಸ್ಕಾರಕದ ಆದೇಶಗಳು ಎಆರ್‌ಎಂ ಸಂಸ್ಕಾರಕಕ್ಕೆ ಅರ್ಥವಾಗುವುದಿಲ್ಲ. ಆದ್ದರಿಂದ ಕಾಂಟ್ರಾಕ್ಟ್ ಅನ್ನು ಯಾವ ನಿಜವಾದ ಸಂಸ್ಕಾರಕದ ಭಾಷೆಯಲ್ಲೂ ಬರೆಯದೆ ಮಿಥ್ಯಾಯಂತ್ರದ ಭಾಷೆಯಲ್ಲಿ ಬರೆಯುತ್ತಾರೆ. ಪ್ರತಿ ಗಣಕವೂ ಆ ಯಂತ್ರವನ್ನು ತನ್ನೊಳಗೆ ಅನುಕರಿಸುತ್ತದೆ.

ಇಥೀರಿಯಮ್ ತನಗಾಗಿಯೇ ಒಂದು ಮಿಥ್ಯಾಯಂತ್ರವನ್ನು ರೂಪಿಸಿಕೊಂಡಿತು. ಅದರ ವಿಶೇಷವೆಂದರೆ ಪ್ರತಿ ಸಂಖ್ಯೆಯೂ 256 ಬಿಟ್ ಅಗಲ. ಹ್ಯಾಶ್‌ಗಳಿಗೂ ದೊಡ್ಡ ಮೊತ್ತಗಳಿಗೂ ಇದು ಅನುಕೂಲ. ಇಥೀರಿಯಮ್‌ನಲ್ಲಿ ಒಂದು ಈಥರ್ ಎಂದರೆ 10¹⁸ ವೇಯ್. 64 ಬಿಟ್‌ಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ ಸುಮಾರು 1.8×10¹⁹, ಅಂದರೆ 18 ಈಥರ್ ದಾಟಿದರೆ ಜಾಗ ಸಾಲದು. ಆದರೆ ನಮ್ಮ ಸಂಸ್ಕಾರಕಗಳು ಸಹಜವಾಗಿ ಕೂಡುವುದು 64 ಬಿಟ್ ಸಂಖ್ಯೆಗಳನ್ನು. 256 ಬಿಟ್‌ಗಳ ಒಂದು ಕೂಡಿಕೆಯನ್ನು ಅವು ನಾಲ್ಕು ತುಂಡುಗಳಲ್ಲಿ, ದಶಕವನ್ನು ದಾಟಿಸುತ್ತ ಮಾಡಬೇಕಾಗುತ್ತದೆ. 2ಕ್ಕೆ 3 ಕೂಡಿಸಲೂ ಇದೇ ಶ್ರಮ.

ಬೇರೆ ಕೆಲಸಕ್ಕೆ ಹುಟ್ಟಿದ ಯಂತ್ರ

ವೆಬ್‌ಅಸೆಂಬ್ಲಿ ಹುಟ್ಟಿದ್ದು ಬ್ಲಾಕ್‌ಚೈನ್‌ಗಾಗಿ ಅಲ್ಲ. ಅಂತರಜಾಲ ವೀಕ್ಷಕಗಳಿಗಾಗಿ, ಅಂದರೆ ಬ್ರೌಸರ್‌ಗಳಿಗಾಗಿ. ಜಾಲತಾಣದ ಪುಟಗಳಲ್ಲಿ ಆಟಗಳು, ಚಿತ್ರ ತಿದ್ದುವ ತಂತ್ರಾಂಶಗಳಂಥ ಭಾರಿ ಕ್ರಮವಿಧಿಗಳನ್ನು ವೇಗವಾಗಿ ನಡೆಸುವುದು ಇದರ ಉದ್ದೇಶ. ಯೋಜನೆಯನ್ನು ಪ್ರಕಟಿಸಿದ್ದು 2015ರಲ್ಲಿ. ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ಈ ನಾಲ್ಕು ಬ್ರೌಸರ್‌ಗಳಲ್ಲೂ 2017ರ ಹೊತ್ತಿಗೆ ಇದು ನೆಲೆಗೊಂಡಿತು. 2019ರ ಡಿಸೆಂಬರ್ 5ರಂದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಇದನ್ನು ಅಧಿಕೃತ ಮಾನಕವಾಗಿ ಅಂಗೀಕರಿಸಿತು.

ಬ್ರೌಸರ್‌ನ ಸ್ಥಿತಿಯನ್ನು ಯೋಚಿಸಿ. ನೀವು ಹಿಂದೆಂದೂ ನೋಡಿರದ ತಾಣವೊಂದು ಕಳುಹಿಸಿದ ಕ್ರಮವಿಧಿಯನ್ನು ಅದು ನಿಮ್ಮ ಗಣಕದಲ್ಲಿ ನಡೆಸಬೇಕು. ಆ ಕ್ರಮವಿಧಿ ನಿಮ್ಮ ಕಡತಗಳನ್ನು ಮುಟ್ಟಬಾರದು, ಯಾವ ಸಂಸ್ಕಾರಕವಿದ್ದರೂ ನಡೆಯಬೇಕು, ವೇಗವೂ ಇರಬೇಕು. ಬ್ಲಾಕ್‌ಚೈನ್‌ನ ಗಣಕಕ್ಕೂ ಇದೇ ಅಗತ್ಯ. ಅಪರಿಚಿತರು ಬರೆದ ಕಾಂಟ್ರಾಕ್ಟ್ ಅನ್ನು ಅದು ತನ್ನೊಳಗೆ ಕರೆದು ನಡೆಸಬೇಕು. ಜೊತೆಗೆ ರಸ್ಟ್, ಸಿ, ಸಿ++ ಮುಂತಾದ ಪರಿಚಿತ ಭಾಷೆಗಳಿಂದ ವೆಬ್‌ಅಸೆಂಬ್ಲಿಗೆ ಅನುವಾದಿಸುವ ಕಂಪೈಲರ್‌ಗಳು ಆಗಲೇ ಇದ್ದವು.

ಹೀಗೆ 2018ರಲ್ಲಿ ಇಒಎಸ್, 2020ರಲ್ಲಿ ನಿಯರ್ ಜಾಲಗಳು ವೆಬ್‌ಅಸೆಂಬ್ಲಿಯೊಂದಿಗೆ ಚಾಲನೆಗೊಂಡವು. ಕಾಸ್ಮಾಸ್ ಕುಟುಂಬದ ಜಾಲಗಳಿಗಾಗಿ ಕಾಸ್ಮ್‌ವಾಸಮ್ ಎಂಬ ವ್ಯವಸ್ಥೆ 2019ರಲ್ಲಿ ಮೊಳಕೆಯೊಡೆಯಿತು. ಸ್ಟೆಲ್ಲರ್ ಜಾಲದಲ್ಲಿ ಸೊರೊಬನ್ ಎಂಬ ಹೆಸರಿನಲ್ಲಿ 2024ರ ಫೆಬ್ರವರಿಯಲ್ಲಿ ಇದು ಬಳಕೆಗೆ ಬಂತು. ಇಥೀರಿಯಮ್ ಕೂಡ ತನ್ನ ಯಂತ್ರದ ಬದಲು ಇದನ್ನು ತರುವ ಯೋಜನೆಯನ್ನು ಕೆಲವು ವರ್ಷ ಪರಿಶೀಲಿಸಿ ಕೈಬಿಟ್ಟಿತು.

ಯಂತ್ರದ ಒಳಗೆ

ವೆಬ್‌ಅಸೆಂಬ್ಲಿ ಕಡತವನ್ನು ಬೈಟ್‌ಗಳಾಗಿ ತೆರೆದು ನೋಡಿದರೆ ಮೊದಲ ನಾಲ್ಕು ಬೈಟ್‌ಗಳ ಬೆಲೆ 0, 97, 115, 109. ಕೊನೆಯ ಮೂರು ಆಸ್ಕಿ ಸಂಕೇತದಲ್ಲಿ ಎ, ಎಸ್, ಎಂ ಅಕ್ಷರಗಳು, ಅಸೆಂಬ್ಲಿಯ ಹ್ರಸ್ವರೂಪ. ಮುಂದಿನ ನಾಲ್ಕು 1, 0, 0, 0 ಆವೃತ್ತಿಯ ಸಂಖ್ಯೆ. ಈ ಎಂಟು ಬೈಟ್‌ಗಳು ಇಲ್ಲದ ಕಡತವನ್ನು ಯಂತ್ರ ಬಾಗಿಲಲ್ಲೇ ತಡೆಯುತ್ತದೆ.

ಮೂಲ ವೆಬ್‌ಅಸೆಂಬ್ಲಿಯಲ್ಲಿ ಸಂಖ್ಯೆಗಳು ನಾಲ್ಕೇ ಬಗೆ: 32 ಮತ್ತು 64 ಬಿಟ್‌ಗಳ ಪೂರ್ಣಾಂಕಗಳು, 32 ಮತ್ತು 64 ಬಿಟ್‌ಗಳ ತೇಲುಬಿಂದು ಸಂಖ್ಯೆಗಳು. ಲೆಕ್ಕ ನಡೆಯುವುದು 'ಸ್ಟ್ಯಾಕ್' ಮೇಲೆ. ಮದುವೆ ಮನೆಯಲ್ಲಿ ಒಂದರ ಮೇಲೊಂದು ಪೇರಿಸಿದ ತಟ್ಟೆಗಳನ್ನು ನೆನಪಿಸಿಕೊಳ್ಳಿ. ಹೊಸ ತಟ್ಟೆಯನ್ನು ಮೇಲೆಯೇ ಇಡಬೇಕು, ತೆಗೆಯುವುದೂ ಮೇಲಿನಿಂದಲೇ. ಎರಡು ಸಂಖ್ಯೆಗಳನ್ನು ಕೂಡಿಸುವ ಒಂದು ಪುಟ್ಟ ಕಾರ್ಯದ ಆದೇಶಗಳು ಬೈಟ್‌ಗಳಲ್ಲಿ ಹೀಗಿರುತ್ತವೆ:

32 0 32 1 124 11

ಇದನ್ನು ಹೀಗೆ ಓದಬೇಕು. '32 0' ಎಂದರೆ ಸೊನ್ನೆಯನೇ ಚರದ ಬೆಲೆಯನ್ನು ತಂದು ಸ್ಟ್ಯಾಕ್ ಮೇಲಿಡು. '32 1' ಎಂದರೆ ಒಂದನೇ ಚರದ ಬೆಲೆಯನ್ನು ತಂದಿಡು. '124' ಎಂದರೆ ಮೇಲಿನ ಎರಡು 64 ಬಿಟ್ ಪೂರ್ಣಾಂಕಗಳನ್ನು ತೆಗೆದು, ಕೂಡಿಸಿ, ಮೊತ್ತವನ್ನು ಅಲ್ಲೇ ಇಡು. '11' ಎಂದರೆ ಮುಗಿಯಿತು. ಚರಗಳು 7 ಮತ್ತು 5 ಆಗಿದ್ದರೆ ಸ್ಟ್ಯಾಕ್‌ನಲ್ಲಿ ಮೊದಲು 7, ಆಮೇಲೆ 7 ಮತ್ತು 5, ಕೊನೆಗೆ 12 ಮಾತ್ರ ಉಳಿಯುತ್ತದೆ.

ಕ್ರಮವಿಧಿಯನ್ನು ನಡೆಸುವ ಮೊದಲೇ ಯಂತ್ರವು ಅದನ್ನು ಆದಿಯಿಂದ ಅಂತ್ಯದವರೆಗೆ ಒಮ್ಮೆ ಪರಿಶೀಲಿಸುತ್ತದೆ. ಪ್ರತಿ ಆದೇಶದ ಹೊತ್ತಿಗೆ ಸ್ಟ್ಯಾಕ್‌ನಲ್ಲಿ ಎಷ್ಟು ಸಂಖ್ಯೆಗಳಿರಬೇಕು, ಯಾವ ಬಗೆಯವು ಎಂಬುದು ಆಗಲೇ ನಿಗದಿಯಾಗುತ್ತದೆ. ಒಂದೇ ತಟ್ಟೆ ಇರುವಾಗ 'ಎರಡು ತೆಗೆ' ಎನ್ನುವ ಆದೇಶ ಇದ್ದರೆ ಇಡೀ ಕಡತ ತಿರಸ್ಕೃತವಾಗುತ್ತದೆ. ಎಲ್ಲಿಂದ ಎಲ್ಲಿಗೆ ಬೇಕಾದರೂ ನೆಗೆಯುವ ಆದೇಶವೂ ಇಲ್ಲಿಲ್ಲ. ಜಿಗಿತವೇನಿದ್ದರೂ ತನ್ನನ್ನು ಸುತ್ತುವರಿದ ಆವರಣದ ಆರಂಭಕ್ಕೆ ಅಥವಾ ಅಂತ್ಯಕ್ಕೆ ಮಾತ್ರ.

ಗೋಡೆ ಮತ್ತು ಕಿಟಕಿಗಳು

ಕಾಂಟ್ರಾಕ್ಟ್‌ಗೆ ದೊರೆಯುವ ಸ್ಮೃತಿಯು ಬೈಟ್‌ಗಳ ಒಂದು ಉದ್ದನೆಯ ಸಾಲು. ಅದು 65,536 ಬೈಟ್‌ಗಳ ಪುಟಗಳಲ್ಲಿ ಬೆಳೆಯುತ್ತದೆ. ವಿಳಾಸಗಳು ಸೊನ್ನೆಯಿಂದ ಆರಂಭ. ಈ ಸಾಲಿನ ಆಚೆಗಿನ ವಿಳಾಸವನ್ನು ಮುಟ್ಟಲು ಹೋದ ಕೂಡಲೇ ಯಂತ್ರ ಕ್ರಮವಿಧಿಯನ್ನು ನಿಲ್ಲಿಸುತ್ತದೆ. ಗಣಕದ ಉಳಿದ ಸ್ಮೃತಿ ಕಾಂಟ್ರಾಕ್ಟ್‌ನ ಪಾಲಿಗೆ ಇಲ್ಲವೇ ಇಲ್ಲ. ಕ್ರಮವಿಧಿಯ ಆದೇಶಗಳು ಕೂಡ ಈ ಸಾಲಿನಲ್ಲಿಲ್ಲ. ಹಾಗಾಗಿ ಅದು ನಡೆಯುತ್ತಲೇ ತನ್ನನ್ನು ತಾನು ತಿದ್ದಿಕೊಳ್ಳಲಾರದು.

ವೆಬ್‌ಅಸೆಂಬ್ಲಿಯಲ್ಲಿ ಕಡತ ತೆರೆಯುವ ಆದೇಶವಿಲ್ಲ, ಗಡಿಯಾರ ನೋಡುವ ಆದೇಶವಿಲ್ಲ, ಜಾಲವನ್ನು ಸಂಪರ್ಕಿಸುವ ಆದೇಶವೂ ಇಲ್ಲ. ಹೊರಜಗತ್ತಿಗೆ ಇರುವ ದಾರಿ ಒಂದೇ: ಯಂತ್ರವನ್ನು ನಡೆಸುವ ಆತಿಥೇಯ ತಂತ್ರಾಂಶ ತೆರೆದಿಟ್ಟ ಕಿಟಕಿಗಳು. ಕಾಸ್ಮ್‌ವಾಸಮ್‌ನಲ್ಲಿ ಈ ಕಿಟಕಿಗಳು ಬೆರಳೆಣಿಕೆಯಷ್ಟು. ಕಾಂಟ್ರಾಕ್ಟ್‌ನ ಖಾತೆಯಿಂದ ಓದು, ಅಲ್ಲಿ ಬರೆ, ಅಳಿಸು, ವಿಳಾಸ ಸರಿಯಿದೆಯೇ ನೋಡು, ಸಹಿಯನ್ನು ಪರೀಕ್ಷಿಸು ಎಂಬಂಥವು.

ಕಿಟಕಿಯ ಮೂಲಕ ದಾಟಬಲ್ಲದ್ದು ಸಂಖ್ಯೆಗಳು ಮಾತ್ರ. ಹಾಗಾದರೆ 'ಸಹಿ ಬಂದಿದೆ' ಎಂಬ ಸಂದೇಶವನ್ನು ಕಾಂಟ್ರಾಕ್ಟ್‌ಗೆ ತಲುಪಿಸುವುದು ಹೇಗೆ? ಆತಿಥೇಯ ತಂತ್ರಾಂಶ ಮೊದಲು ಕಾಂಟ್ರಾಕ್ಟ್ ಬಳಿ 'ಇಷ್ಟು ಬೈಟ್ ಜಾಗ ಕೊಡು' ಎಂದು ಕೇಳುತ್ತದೆ. ಕಾಂಟ್ರಾಕ್ಟ್ ತನ್ನ ಸ್ಮೃತಿಯಲ್ಲಿ ಜಾಗ ಮಾಡಿ ಅದರ ವಿಳಾಸವನ್ನು ತಿಳಿಸುತ್ತದೆ. ಆತಿಥೇಯವು ಸಂದೇಶವನ್ನು ಅಲ್ಲಿ ಬರೆದು, ವಿಳಾಸವನ್ನು ಮಾತ್ರ ಸಂಖ್ಯೆಯಾಗಿ ಹಸ್ತಾಂತರಿಸುತ್ತದೆ. ಕೆಲಸ ಮುಗಿದೊಡನೆ ಈ ಸ್ಮೃತಿಯನ್ನು ಪೂರ್ಣವಾಗಿ ಬಿಸಾಡಲಾಗುತ್ತದೆ. ಮುಂದಿನ ಕರೆಗೆ ಉಳಿಯುವುದು ಖಾತೆಯಲ್ಲಿ ಬರೆದದ್ದು ಮಾತ್ರ.

ಅನಿಶ್ಚಿತತೆಯನ್ನು ಹೊರದೂಡುವುದು

ಈಗ ಮುಖ್ಯ ಪ್ರಶ್ನೆಗೆ ಬರೋಣ. ಒಂದೇ ಕ್ರಮವಿಧಿ, ಒಂದೇ ಮಾಹಿತಿ. ಆದರೂ ಉತ್ತರ ಬೇರೆಯಾಗಲು ಸಾಧ್ಯವೆ? ಸಾಧ್ಯ. ಗಡಿಯಾರಗಳು ಗಣಕದಿಂದ ಗಣಕಕ್ಕೆ ಬೇರೆ. ಆದ್ದರಿಂದ ಕಾಂಟ್ರಾಕ್ಟ್‌ಗೆ ಗಣಕದ ಗಡಿಯಾರ ಕಾಣಿಸುವುದಿಲ್ಲ. 'ಈಗ ಸಮಯ ಎಷ್ಟು' ಎಂಬುದಕ್ಕೆ ಬ್ಲಾಕ್‌ನಲ್ಲಿ ನಮೂದಾದ, ಎಲ್ಲರೂ ಒಪ್ಪಿದ ಸಮಯವನ್ನೇ ಉತ್ತರವಾಗಿ ಕೊಡುತ್ತಾರೆ. ಯಾದೃಚ್ಛಿಕ ಸಂಖ್ಯೆಯನ್ನು ಪ್ರತಿ ಗಣಕವೂ ತಾನೇ ಹುಟ್ಟಿಸುವಂತಿಲ್ಲ. ಒಂದೇ ಕಾಲದಲ್ಲಿ ಹಲವು ಎಳೆಗಳಲ್ಲಿ ಲೆಕ್ಕ ನಡೆಸುವ ಸೌಲಭ್ಯವನ್ನೂ ಕೊಡುವುದಿಲ್ಲ, ಯಾವ ಎಳೆ ಮೊದಲು ಮುಗಿಯುತ್ತದೆ ಎಂದು ಹೇಳಲಾಗದ ಕಾರಣ.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ತೇಲುಬಿಂದು ಸಂಖ್ಯೆಗಳ ವಿಚಾರ. ಭೌತಶಾಸ್ತ್ರದ ಲೆಕ್ಕಗಳಲ್ಲಿ ನಾವು ದಿನವೂ ಬಳಸುವ ಇವು ದಶಮಾಂಶ ಬೆಲೆಗಳನ್ನು ಅಂದಾಜಾಗಿ ಹಿಡಿದಿಡುತ್ತವೆ. ಇವುಗಳ ಕೂಡು, ಕಳೆ, ಗುಣಿಸು, ಭಾಗಿಸು ಕ್ರಿಯೆಗಳಿಗೆ ಐಇಇಇ 754 ಮಾನಕ ಇದೆ. ಸಾಮಾನ್ಯ ಸಂಖ್ಯೆಗಳಿಗೆ ಉತ್ತರ ಎಲ್ಲೆಡೆ ಒಂದೇ. ಆದರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ? ಉತ್ತರ 'ಸಂಖ್ಯೆಯಲ್ಲ' ಎಂಬ ವಿಶೇಷ ಗುರುತು. 32 ಬಿಟ್‌ಗಳಲ್ಲಿ ಈ ಗುರುತನ್ನು 1,67,77,214 ಬೇರೆ ಬೇರೆ ವಿನ್ಯಾಸಗಳಲ್ಲಿ ಬರೆಯಬಹುದು. ಯಾವುದನ್ನು ಬರೆದರೂ ಅರ್ಥ ಒಂದೇ. ಇಂಟೆಲ್ ಸಂಸ್ಕಾರಕ ಇಲ್ಲಿ ಚಿಹ್ನೆಯ ಬಿಟ್ ಅನ್ನು 1 ಎಂದು ಬರೆಯುತ್ತದೆ. ಎಆರ್‌ಎಂ ಅದನ್ನೇ 0 ಎಂದು ಬರೆಯುತ್ತದೆ. ಬ್ರೌಸರ್‌ನಲ್ಲಿ ಇದರಿಂದ ತೊಂದರೆ ಇಲ್ಲ. ವೆಬ್‌ಅಸೆಂಬ್ಲಿಯ ಮಾನಕವೂ ವೇಗಕ್ಕಾಗಿ ಈ ಸಡಿಲಿಕೆಯನ್ನು ಒಪ್ಪಿದೆ. ಬ್ಲಾಕ್‌ಚೈನ್‌ನಲ್ಲಿ ಮಾತ್ರ ಆ ಒಂದು ಬಿಟ್ ಖಾತೆಯೊಳಗೆ ಸೇರಿದರೆ ಎರಡು ಗಣಕಗಳ ಹ್ಯಾಶ್‌ಗಳು ಬೇರೆಯಾಗಿ, ಒಮ್ಮತ ಮುರಿದು ಬೀಳುತ್ತದೆ.

ಇದಕ್ಕೆ ಎರಡು ಪರಿಹಾರಗಳಿವೆ. ಒಂದು, ಪ್ರತಿ ಬಾರಿಯೂ ಆ ಗುರುತನ್ನು ಒಂದೇ ನಿಗದಿತ ವಿನ್ಯಾಸಕ್ಕೆ ತರುವುದು. ಇನ್ನೊಂದು, ತೇಲುಬಿಂದು ಆದೇಶಗಳಿರುವ ಕಡತವನ್ನೇ ತಿರಸ್ಕರಿಸುವುದು. ಕಾಸ್ಮ್‌ವಾಸಮ್‌ನ ಮೊದಲ ಆವೃತ್ತಿಗಳೂ ಸೊರೊಬನ್ ಕೂಡ ಎರಡನೆಯ ದಾರಿ ಹಿಡಿದವು. ಹಣದ ಲೆಕ್ಕಕ್ಕೆ ಇದರಿಂದ ನಷ್ಟವಿಲ್ಲ. ರೂಪಾಯಿಯನ್ನು ಪೈಸೆಯಾಗಿ ಎಣಿಸುವಂತೆ, ನಾಣ್ಯದ ಅತಿ ಸಣ್ಣ ಅಂಶವನ್ನು ಏಕಮಾನವಾಗಿಟ್ಟು ಪೂರ್ಣಾಂಕಗಳಲ್ಲೇ ಲೆಕ್ಕ ಮಾಡಿದರಾಯಿತು. ಸ್ಟೆಲ್ಲರ್‌ನ ಒಂದು ಲ್ಯುಮೆನ್ ಎಂದರೆ ಒಂದು ಕೋಟಿ ಸ್ಟ್ರೂಪ್.

ನಿಲ್ಲದ ಕ್ರಮವಿಧಿಗೆ ಲಗಾಮು

ಎರಡನೆಯ ಅಪಾಯ ಬೇರೆ ಬಗೆಯದು. ಯಾರಾದರೂ ಎಂದೂ ಮುಗಿಯದ ಆವರ್ತನೆಯನ್ನು ಕಾಂಟ್ರಾಕ್ಟ್‌ನಲ್ಲಿ ಬರೆದರೆ ಜಾಲದ ಎಲ್ಲ ಗಣಕಗಳೂ ಒಟ್ಟಿಗೆ ಅದರಲ್ಲಿ ಸಿಕ್ಕಿಬೀಳುತ್ತವೆ. ಮೊದಲೇ ಪರೀಕ್ಷಿಸಿ ತಡೆಯಬಹುದಲ್ಲವೆ ಎಂದು ನೀವು ಕೇಳಬಹುದು. ಯಾವುದೇ ಕ್ರಮವಿಧಿ ಕೊಟ್ಟರೂ ಅದು ನಿಲ್ಲುತ್ತದೆಯೇ ಇಲ್ಲವೇ ಎಂದು ತಪ್ಪದೆ ಹೇಳಬಲ್ಲ ಸಾರ್ವತ್ರಿಕ ವಿಧಾನ ಇರಲಾರದು ಎಂದು ಅಲನ್ ಟ್ಯೂರಿಂಗ್ 1936ರಲ್ಲೇ ತೋರಿಸಿಕೊಟ್ಟರು.

ಗಡಿಯಾರ ಇಟ್ಟು 'ಒಂದು ಸೆಕೆಂಡ್ ದಾಟಿದರೆ ನಿಲ್ಲಿಸು' ಎನ್ನುವಂತೆಯೂ ಇಲ್ಲ. ವೇಗದ ಗಣಕದಲ್ಲಿ ಮುಗಿದದ್ದು ನಿಧಾನದ ಗಣಕದಲ್ಲಿ ಮುಗಿಯದೆ ಉತ್ತರಗಳು ಬೇರೆಯಾಗುತ್ತವೆ. ಆದ್ದರಿಂದ ಕಾಲವನ್ನು ಅಳೆಯದೆ ಆದೇಶಗಳನ್ನು ಎಣಿಸುತ್ತಾರೆ. ಪ್ರತಿ ಆದೇಶಕ್ಕೂ ಒಂದು ಬೆಲೆ. ಈ ಬೆಲೆಯ ಏಕಮಾನಕ್ಕೆ 'ಗ್ಯಾಸ್' ಎಂದು ಹೆಸರು. ವಾಹನದ ಇಂಧನದಿಂದ ಬಂದ ಪದ. ವಹಿವಾಟು ಕಳುಹಿಸುವವರು ಎಷ್ಟು ಗ್ಯಾಸ್‌ವರೆಗೆ ಖರ್ಚು ಮಾಡಬಹುದು ಎಂದು ಮೊದಲೇ ತಿಳಿಸಿ ಅದಕ್ಕೆ ಹಣ ತೆರುತ್ತಾರೆ.

ಪ್ರತಿ ಆದೇಶಕ್ಕೂ ಒಂದೊಂದು ಎಣಿಕೆ ಮಾಡಿದರೆ ವೇಗ ಕುಸಿಯುತ್ತದೆ. ಕವಲಿಲ್ಲದೆ ಸಾಗುವ ಆದೇಶಗಳ ಗುಂಪನ್ನು ಒಟ್ಟಿಗೆ ತೆಗೆದುಕೊಂಡು, ಗುಂಪಿಗೆ ಒಮ್ಮೆ ಎಣಿಸುವುದು ಜಾಣತನ. ಕಾಂಟ್ರಾಕ್ಟ್ ಅನ್ನು ಸಿದ್ಧಪಡಿಸುವಾಗಲೇ ಇಂಥ ಎಣಿಕೆಯ ಆದೇಶಗಳನ್ನು ಅದರೊಳಗೆ ಸೇರಿಸಿಬಿಡುತ್ತಾರೆ. ಒಂದು ಉದಾಹರಣೆ ನೋಡಿ. 1ರಿಂದ 1000ದವರೆಗೆ ಕೂಡಿಸುವ ಕ್ರಮವಿಧಿಯಲ್ಲಿ ಸಿದ್ಧತೆಗೆ 4 ಏಕಮಾನ, ಪ್ರತಿ ಸುತ್ತಿಗೆ 9 ಏಕಮಾನ ಖರ್ಚು ಎಂದುಕೊಳ್ಳೋಣ. ಒಟ್ಟು 4 + 9×1000 = 9004. ಕಳುಹಿಸಿದವರು 5000 ಮಾತ್ರ ಕೊಟ್ಟಿದ್ದರೆ? 555 ಸುತ್ತುಗಳಿಗೆ 4999 ಖರ್ಚಾಗಿ 1 ಉಳಿಯುತ್ತದೆ. 556ನೇ ಸುತ್ತಿನ ಬಾಗಿಲಲ್ಲಿ ಯಂತ್ರ ನಿಲ್ಲುತ್ತದೆ. ಪ್ರಪಂಚದ ಯಾವ ಗಣಕವಾದರೂ ನಿಲ್ಲುವುದು ಅದೇ 556ನೇ ಸುತ್ತಿನಲ್ಲಿ. ಅಲ್ಲಿಯವರೆಗೆ ಖಾತೆಯಲ್ಲಿ ಮಾಡಿದ ಬದಲಾವಣೆಗಳೆಲ್ಲ ರದ್ದಾಗುತ್ತವೆ. ಖರ್ಚಾದ ಗ್ಯಾಸ್ ಮಾತ್ರ ಹಿಂದಿರುಗುವುದಿಲ್ಲ. ದುಡಿದ ಗಣಕಗಳ ಶ್ರಮ ನಿಜವಷ್ಟೆ.

ಇದರ ಜೊತೆಗೆ ಇನ್ನೊಂದು ಎಚ್ಚರಿಕೆ ಬೇಕು. ವೇಗಕ್ಕಾಗಿ ವೆಬ್‌ಅಸೆಂಬ್ಲಿಯನ್ನು ಆಯಾ ಸಂಸ್ಕಾರಕದ ಸ್ವಂತ ಭಾಷೆಗೆ ಅನುವಾದಿಸುವ ರೂಢಿಯಿದೆ. ಬಹಳ ಬುದ್ಧಿವಂತ ಅನುವಾದಕಗಳಿಗೆ ಜಟಿಲ ಕಡತವೊಂದನ್ನು ಕೊಟ್ಟು, ಅನುವಾದವೇ ಮುಗಿಯದಂತೆ ಕಾಡಿಸಬಹುದು. ಆದ್ದರಿಂದ ಕಾಸ್ಮ್‌ವಾಸಮ್ ಆಯ್ದುಕೊಂಡದ್ದು ಕಡತವನ್ನು ಒಂದೇ ಓದಿನಲ್ಲಿ ಅನುವಾದಿಸುವ ಸಿಂಗಲ್‌ಪಾಸ್ ಎಂಬ ಸರಳ ಅನುವಾದಕವನ್ನು. ಕಡತ ಎರಡರಷ್ಟಾದರೆ ಸಮಯವೂ ಸುಮಾರು ಎರಡರಷ್ಟು, ಅದಕ್ಕಿಂತ ಹೆಚ್ಚಲ್ಲ. ಸೊರೊಬನ್ ಅನುವಾದದ ಗೊಡವೆಯನ್ನೇ ಬಿಟ್ಟು, ಆದೇಶಗಳನ್ನು ಒಂದೊಂದಾಗಿ ಓದಿ ನಡೆಸುವ ಪದ್ಧತಿಯೊಂದಿಗೆ ಆರಂಭವಾಯಿತು.

ಒಂದು ವಹಿವಾಟಿನ ಪಯಣ

ಮೇಲೆ ಹೇಳಿದ 500 ನಾಣ್ಯಗಳ ಒಪ್ಪಂದ ಕಾಸ್ಮ್‌ವಾಸಮ್‌ನಲ್ಲಿ ನಡೆಯುವ ಕ್ರಮ ಹೀಗಿದೆ.

1. ರಸ್ಟ್ ಭಾಷೆಯಲ್ಲಿ ಬರೆದ ಕ್ರಮವಿಧಿಯನ್ನು ವೆಬ್‌ಅಸೆಂಬ್ಲಿಗೆ ಪರಿವರ್ತಿಸಿ ಜಾಲಕ್ಕೆ ಏರಿಸುತ್ತಾರೆ. ಪ್ರತಿ ಗಣಕವೂ ಅದನ್ನು ಪರಿಶೀಲಿಸಿ, ಎಣಿಕೆಯ ಆದೇಶಗಳನ್ನು ಸೇರಿಸಿ, ಅನುವಾದಿಸಿ ಇಟ್ಟುಕೊಳ್ಳುತ್ತದೆ.

2. ಈ ಸಂಕೇತದಿಂದ ಒಂದು ಕಾಂಟ್ರಾಕ್ಟ್ ಅನ್ನು ಸ್ಥಾಪಿಸುತ್ತಾರೆ. ಕೊಳ್ಳುವವರು, ಮಾರುವವರು, ಗಡುವು ಇವು ಖಾತೆಯಲ್ಲಿ ದಾಖಲಾಗುತ್ತವೆ. ಕಾಂಟ್ರಾಕ್ಟ್‌ಗೆ ತನ್ನದೇ ವಿಳಾಸ ದೊರೆತು, 500 ನಾಣ್ಯಗಳು ಆ ವಿಳಾಸಕ್ಕೆ ಜಮೆಯಾಗುತ್ತವೆ.

3. ಸರಕು ತಲುಪಿದಾಗ ಕೊಳ್ಳುವವರು ಸಹಿ ಮಾಡಿದ ಸಂದೇಶ ಕಳುಹಿಸುತ್ತಾರೆ. ಪ್ರತಿ ಗಣಕವೂ ಹೊಸ ಸ್ಮೃತಿಯೊಂದಿಗೆ ಯಂತ್ರವನ್ನು ಎಬ್ಬಿಸಿ ಸಂದೇಶ, ಕಳುಹಿಸಿದವರ ವಿಳಾಸ, ಬ್ಲಾಕ್‌ನ ಸಮಯ ಇವನ್ನು ಕೊಡುತ್ತದೆ.

4. ಕಾಂಟ್ರಾಕ್ಟ್ ಷರತ್ತುಗಳನ್ನು ನೋಡಿ, 'ಮುಗಿದಿದೆ' ಎಂದು ಖಾತೆಯಲ್ಲಿ ಬರೆದು, 'ಮಾರುವವರಿಗೆ 500 ಕಳುಹಿಸಿ' ಎಂಬ ಕೋರಿಕೆಯನ್ನು ಉತ್ತರವಾಗಿ ಕೊಡುತ್ತದೆ. ಹಣವನ್ನು ಅದು ತಾನೇ ಸಾಗಿಸುವುದಿಲ್ಲ. ಕಾಂಟ್ರಾಕ್ಟ್ ನಿಂತ ಮೇಲೆ ಜಾಲದ ತಂತ್ರಾಂಶ ಸಾಗಿಸುತ್ತದೆ.

5. ಪ್ರತಿ ಗಣಕವೂ ಇಡೀ ಪುಸ್ತಕದ ಹೊಸ ಹ್ಯಾಶ್ ಕಂಡುಹಿಡಿಯುತ್ತದೆ. ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚಿನ ಮತಶಕ್ತಿ ಇರುವವರ ಹ್ಯಾಶ್ ತಾಳೆಯಾದರೆ ಪುಸ್ತಕ ಮುಂದಿನ ಪುಟಕ್ಕೆ ಹೋಗುತ್ತದೆ. ತಾಳೆಯಾಗದ ಗಣಕ ಹಿಂದೆ ಉಳಿಯುತ್ತದೆ. ಅಷ್ಟು ಮಂದಿ ಒಪ್ಪದಿದ್ದರೆ ಜಾಲವೇ ನಿಲ್ಲುತ್ತದೆ.

ನಾಲ್ಕನೆಯ ಹೆಜ್ಜೆಯಲ್ಲಿ 'ಮೊದಲು ಬರೆ, ಆಮೇಲೆ ಕಳುಹಿಸು' ಎಂಬ ಕ್ರಮಕ್ಕೆ ಹಿನ್ನೆಲೆಯಿದೆ. 2016ರ ಜೂನ್‌ನಲ್ಲಿ ಇಥೀರಿಯಮ್ ಮೇಲಿದ್ದ 'ದಿ ಡಿಎಒ' ಎಂಬ ಕಾಂಟ್ರಾಕ್ಟ್‌ನಿಂದ ಸುಮಾರು 36 ಲಕ್ಷ ಈಥರ್‌ಗಳನ್ನು ಒಬ್ಬ ದಾಳಿಕೋರ ಸೆಳೆದುಕೊಂಡ. ಆ ಕಾಂಟ್ರಾಕ್ಟ್ ಮೊದಲು ಹಣ ಕೊಟ್ಟು ಆಮೇಲೆ ಬಾಕಿಯನ್ನು ಕಳೆಯುತ್ತಿತ್ತು. ಹಣ ಪಡೆಯುತ್ತಿದ್ದಾಗಲೇ ದಾಳಿಕೋರನ ಕಾಂಟ್ರಾಕ್ಟ್ ಮತ್ತೆ ಒಳಹೊಕ್ಕು ಹಣ ಕೇಳುತ್ತಿತ್ತು. ಬಾಕಿ ಇನ್ನೂ ಹಳೆಯದೇ ಕಾಣುತ್ತಿತ್ತು. ಜುಲೈ 20ರಂದು ಇಥೀರಿಯಮ್ ಸಮುದಾಯ ಪುಸ್ತಕವನ್ನೇ ಕವಲೊಡೆಸಿ ಹಣವನ್ನು ಹಿಂದಕ್ಕೆ ತಂದಿತು. ಅದನ್ನು ಒಪ್ಪದವರು ಹಳೆಯ ಕವಲಿನಲ್ಲೇ ಉಳಿದರು. ಕಾಸ್ಮ್‌ವಾಸಮ್‌ನ ರಚನೆಯಲ್ಲಿ ನಡುವೆ ಮರಳಿ ಒಳಹೋಗುವ ಆ ದಾರಿಯನ್ನೇ ಮುಚ್ಚಲಾಗಿದೆ.

ಗೋಡೆಯ ಭರವಸೆ ಎಷ್ಟು?

ಮಾನಕದ ಪುಸ್ತಕದಲ್ಲಿ ಗೋಡೆ ಭದ್ರವಾಗಿರಬಹುದು; ಅದನ್ನು ಕಟ್ಟುವವರು ಮನುಷ್ಯರು. 2018ರ ಮೇ ತಿಂಗಳಲ್ಲಿ, ಇಒಎಸ್ ಜಾಲ ಆರಂಭವಾಗಲು ಕೆಲವೇ ದಿನಗಳಿದ್ದಾಗ, ಚೀನಾದ ಚೀಹೂ 360 ಸಂಸ್ಥೆಯ ಸಂಶೋಧಕರು ಅದರ ವೆಬ್‌ಅಸೆಂಬ್ಲಿ ಯಂತ್ರದಲ್ಲಿ ಬಿರುಕೊಂದನ್ನು ತೋರಿಸಿದರು. ಕಡತದಲ್ಲಿರುವ ಕಾರ್ಯಗಳ ಪಟ್ಟಿಯನ್ನು ಸ್ಮೃತಿಗೆ ತುಂಬುವಾಗ, ಅದು ಮೇರೆಯೊಳಗೆ ಇದೆಯೇ ಎಂದು ನೋಡುವ ಸಾಲು ಇತ್ತು. ಆದರೆ ಅದನ್ನು ಬರೆದದ್ದು ಪರೀಕ್ಷಾ ಆವೃತ್ತಿಯಲ್ಲಿ ಮಾತ್ರ ಕೆಲಸ ಮಾಡುವ ಬಗೆಯಲ್ಲಿ. ಬಳಕೆಗೆ ಬಿಡುವ ಆವೃತ್ತಿಯಲ್ಲಿ ಆ ಸಾಲು ಮಾಯವಾಗುತ್ತಿತ್ತು. ದುರುದ್ದೇಶದ ಕಡತವೊಂದು ಗೋಡೆಯಾಚೆ ಬರೆದು, ಜಾಲದ ಗಣಕಗಳನ್ನೇ ವಶಪಡಿಸಿಕೊಳ್ಳಲು ಇಷ್ಟು ಸಾಕು. ಲೋಪವನ್ನು ಸರಿಪಡಿಸಿದ ನಂತರ ಜೂನ್‌ನಲ್ಲಿ ಜಾಲ ಆರಂಭವಾಯಿತು.

ಗೋಡೆ ಗಟ್ಟಿಯಾಗಿದ್ದಾಗಲೂ ಉಳಿಯುವ ಪ್ರಶ್ನೆ ಇನ್ನೊಂದು. 2022ರ ಮೇ ತಿಂಗಳಲ್ಲಿ ಟೆರ್ರಾ ಜಾಲದ ಕುಸಿತ ನಿಮಗೆ ನೆನಪಿರಬಹುದು. ಒಂದು ಡಾಲರ್‌ಗೆ ಸಮನಾಗಿ ನಿಲ್ಲಬೇಕಿದ್ದ ಅದರ ನಾಣ್ಯ ಕೆಲವೇ ದಿನಗಳಲ್ಲಿ ನೆಲಕಚ್ಚಿತು. ಅದರ ಜೋಡಿ ನಾಣ್ಯ ಲೂನಾದ ಬೆಲೆ ಸೊನ್ನೆಯ ಸಮೀಪಕ್ಕೆ ಬಂತು. ಒಟ್ಟು ಸುಮಾರು 4,000 ಕೋಟಿ ಡಾಲರ್ ಮೌಲ್ಯ ಕರಗಿಹೋಯಿತು. ಟೆರ್ರಾದ ಕಾಂಟ್ರಾಕ್ಟ್‌ಗಳು ನಡೆಯುತ್ತಿದ್ದದ್ದು ಕಾಸ್ಮ್‌ವಾಸಮ್ ಮೇಲೆಯೇ. ಯಂತ್ರ ಯಾವ ತಪ್ಪನ್ನೂ ಮಾಡಲಿಲ್ಲ. ಹುಸಿಯಾದದ್ದು ಡಾಲರಿನೊಂದಿಗೆ ನಾಣ್ಯವನ್ನು ಕಟ್ಟಿಹಾಕಿದ್ದ ಆರ್ಥಿಕ ಲೆಕ್ಕಾಚಾರ. ಆ ಲೆಕ್ಕಾಚಾರವನ್ನು ಎಲ್ಲ ಗಣಕಗಳೂ ಕೊನೆಯ ಬಿಟ್‌ವರೆಗೆ ಒಂದೇ ರೀತಿಯಲ್ಲಿ ನಡೆಸಿದವು.

ತರಗತಿಯಲ್ಲಿ ಮಾಡಿ ನೋಡಿ

ಅಧ್ಯಾಪಕರು ಈ ವಿಷಯವನ್ನು ಗಣಕವಿಲ್ಲದೆಯೂ ಕಲಿಸಬಹುದು. ಐದು ವಿದ್ಯಾರ್ಥಿಗಳನ್ನು ಐದು ಗಣಕಗಳೆಂದು ಭಾವಿಸಿ ದೂರ ದೂರ ಕೂರಿಸಿ. ಪ್ರತಿಯೊಬ್ಬರಿಗೂ ಸ್ಟ್ಯಾಕ್‌ನಂತೆ ಬಳಸಲು ಚೀಟಿಗಳ ಕಟ್ಟು ಕೊಡಿ. '1250 ಇಡು, 7 ಇಡು, ಗುಣಿಸು, 100 ಇಡು, ಭಾಗಿಸು' ಎಂಬ ಕ್ರಮವಿಧಿ ಕೊಟ್ಟು, ಭಿನ್ನರಾಶಿ ಬಂದರೆ 'ನಿಮಗೆ ತೋಚಿದಂತೆ ಪೂರ್ಣಗೊಳಿಸಿ' ಎಂದು ಹೇಳಿ. ಕೆಲವರಿಗೆ 87, ಕೆಲವರಿಗೆ 88, ಯಾರಿಗೋ 87.5 ಬರುತ್ತದೆ. ಈಗ 'ಶೇಷವನ್ನು ಬಿಟ್ಟುಬಿಡಿ' ಎಂಬ ಒಂದೇ ನಿಯಮ ಕೊಡಿ. ಎಲ್ಲರ ಉತ್ತರವೂ 87.

ಮುಂದೆ ಆದೇಶಗಳ ಕ್ರಮ ಬದಲಿಸಿ: '1250 ಇಡು, 100 ಇಡು, ಭಾಗಿಸು, 7 ಇಡು, ಗುಣಿಸು'. ಈಗ ಎಲ್ಲರಿಗೂ 84. ಶೇಕಡಾ 7ರ ಬಡ್ಡಿಗೆ ಎರಡೂ ಕ್ರಮವಿಧಿಗಳು ಮೇಲ್ನೋಟಕ್ಕೆ ಒಂದೇ. ಆದರೆ ಎರಡನೆಯದರಲ್ಲಿ ಮೂರು ನಾಣ್ಯ ಮಾಯ. ಐದೂ 'ಗಣಕ'ಗಳು ಒಮ್ಮತದಿಂದಲೇ ಅದನ್ನು ಕಳೆದಿವೆ. ಕೊನೆಗೆ, ಪ್ರತಿ ಆದೇಶಕ್ಕೂ ಒಂದು ಸೀಮೆಸುಣ್ಣದ ಚೂರು ಎಂಬ ನಿಯಮ ಮಾಡಿ ಮೂರೇ ಚೂರು ಕೊಡಿ. ಎಲ್ಲರೂ ಒಂದೇ ಆದೇಶದ ಬಳಿ ನಿಲ್ಲುವುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ.

ವೆಬ್‌ಅಸೆಂಬ್ಲಿಯೇ ಇದಕ್ಕೆ ಕೊನೆಯ ಪರಿಹಾರ ಎನ್ನುವಂತಿಲ್ಲ. 2025ರ ಏಪ್ರಿಲ್‌ನಲ್ಲಿ ಇಥೀರಿಯಮ್‌ನ ವಿಟಾಲಿಕ್ ಬುಟೆರಿನ್ ರಿಸ್ಕ್-ಫೈವ್ ಎಂಬ ಸಂಸ್ಕಾರಕ ಮಾನಕವನ್ನು ಮಿಥ್ಯಾಯಂತ್ರವಾಗಿ ಬಳಸುವ ಪ್ರಸ್ತಾಪವನ್ನು ಮುಂದಿಟ್ಟರು. ಯಂತ್ರ ಬದಲಾದರೂ ಅದಕ್ಕೆ ಕೇಳಬೇಕಾದ ಪ್ರಶ್ನೆಗಳು ಇವೇ: ಎಲ್ಲ ಕಡೆಯೂ ಒಂದೇ ಉತ್ತರ ಬರುತ್ತದೆಯೆ? ಖಂಡಿತವಾಗಿ ನಿಲ್ಲುತ್ತದೆಯೆ? ಗೋಡೆಯನ್ನು ದಾಟಲಾರದೆ? ಈ ಮೂರಕ್ಕೂ ಹೌದು ಎನ್ನುವ ಯಂತ್ರ ಒಳ್ಳೆಯ ಯಂತ್ರ. ಬರೆದ ಷರತ್ತು ನ್ಯಾಯವಾದದ್ದೆ, ಲೆಕ್ಕ ಸರಿಯಾದದ್ದೆ ಎಂಬ ನಾಲ್ಕನೆಯ ಪ್ರಶ್ನೆಯನ್ನು ಯಂತ್ರಕ್ಕೆ ಕೇಳಿ ಪ್ರಯೋಜನವಿಲ್ಲ. ಅದನ್ನು ಬರೆದವರಿಗೆ ಕೇಳಬೇಕು. ಹಣ ಹಾಕುವ ಮೊದಲೇ ಕೇಳಬೇಕು.